ಸ್ಯಾಮ್ ಕುಕ್ ಚರ್ಚಿನ ಹಾಡು ಬಿಟ್ಟಿದ್ದು ಸರಿಯೇ?

ಪರ

ಬಿಟ್ಟಿದ್ದೇ ಸರಿ. ಅಮೆರಿಕದ ಕಪ್ಪು ಗಾಯಕ ಸ್ಯಾಮ್ ಕುಕ್ ಪಾದ್ರಿಯ ಮಗ, ಷಿಕಾಗೊದಲ್ಲಿ ಬೆಳೆದವನು. ಇಪ್ಪತ್ತರ ಆಸುಪಾಸಿಗೇ ಸೋಲ್ ಸ್ಟಿರರ್ಸ್ ಎಂಬ ಗಾಸ್ಪೆಲ್ (ಕಪ್ಪು ಜನರ ಚರ್ಚಿನ ಭಕ್ತಿಗೀತೆ) ತಂಡದ ಮುಖ್ಯ ದನಿ. ಕಪ್ಪು ಜನರ ಚರ್ಚುಗಳಲ್ಲಿ ಅವನು ಬಂದರೆ ಜಾತ್ರೆ. ಆಚೆಗೆ ಅವನ ಹೆಸರು ಕೇಳಿದವರೇ ಕಡಿಮೆ. 1957ರಲ್ಲಿ, ಚರ್ಚಿನ ಹಾಡು ಬಿಟ್ಟು ಹಾಡಿದ ಪ್ರೇಮಗೀತೆ 'ಯೂ ಸೆಂಡ್ ಮಿ' ಬಂತು ನೋಡಿ, ಕಪ್ಪು ಕೇಳುಗರ ಹಿಟ್ ಪಟ್ಟಿಯಲ್ಲೂ ಪಾಪ್ ಪಟ್ಟಿಯಲ್ಲೂ ಅದಕ್ಕೇ ಮೊದಲ ಸ್ಥಾನ.

ಎಲ್ಲರೂ ಅವನ ಗಂಟಲನ್ನು ಹೊಗಳುತ್ತಾರೆ. ನನಗೆ ಅವನ ವ್ಯವಹಾರ ಬುದ್ಧಿಯೇ ಜಾಸ್ತಿ ಇಷ್ಟ. ಹಾಡಿದವನ ಕೈಗೆ ನಾಲ್ಕು ಕಾಸು ಹಾಕಿ ಹಕ್ಕನ್ನೆಲ್ಲ ಕಂಪನಿ ನುಂಗುತ್ತಿದ್ದ ಕಾಲ ಅದು. ಇವನು ಗೆಳೆಯ ಜೆ. ಡಬ್ಲ್ಯೂ. ಅಲೆಕ್ಸಾಂಡರ್ ಜೊತೆ ಸೇರಿ ಹಾಡುಗಳ ಹಕ್ಕನ್ನು ತನ್ನ ಕೈಲೇ ಇಟ್ಟುಕೊಂಡ. ಎಸ್‌ಎಆರ್ ಎಂಬ ರೆಕಾರ್ಡ್ ಕಂಪನಿಯನ್ನೂ ತೆರೆದ. ಅಲ್ಲಿಂದ ಸೋಲ್ ಸ್ಟಿರರ್ಸ್‌ನ ಗಾಸ್ಪೆಲ್ ರೆಕಾರ್ಡುಗಳನ್ನು ಹೊರತಂದ. ಚರ್ಚನ್ನು ಬಿಟ್ಟುಹೋದವನು ಮಾಡುವ ಕೆಲಸವೇ ಇದು?

1963ರ ಅಕ್ಟೋಬರ್‌ನಲ್ಲಿ ಲೂಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ ಮೊದಲೇ ಹೇಳಿಟ್ಟಿದ್ದ ಹೋಟೆಲ್ ರೂಮು ಸಿಗಲಿಲ್ಲ. ಬಂದವರು ಕಪ್ಪು ಜನ, ಅಷ್ಟೇ ಕಾರಣ. ಕುಕ್ ಕೂಗಾಡಿದ, ಕಾರಿನ ಹಾರ್ನ್ ಒತ್ತಿದ. ಪೊಲೀಸರು ಹಿಡಿದದ್ದು ಅವನನ್ನೇ. ಕೆಲವೇ ತಿಂಗಳಲ್ಲಿ, 1964ರ ಜನವರಿಯಲ್ಲಿ, 'ಎ ಚೇಂಜ್ ಈಸ್ ಗಾನಾ ಕಮ್' (ಬದಲಾವಣೆ ಬಂದೇ ಬರುತ್ತದೆ) ಎಂಬ ಹಾಡು ರೆಕಾರ್ಡ್ ಆಯಿತು. ಅದರಲ್ಲಿರುವುದು ಚರ್ಚಿನ ದನಿಯೇ. ಆದರೆ ಆ ದನಿ ಕೇಳಲು ಚರ್ಚಿಗೇ ಹೋಗಬೇಕಾಗಿರಲಿಲ್ಲ.

ವಿರೋಧ

1956ಕ್ಕೆ ಹೋಗೋಣ. ಸೋಲ್ ಸ್ಟಿರರ್ಸ್ ಜೊತೆ ಕುಕ್ ಹಾಡಿದ 'ವಂಡರ್‌ಫುಲ್' ದೇವರ ಮೇಲಿನ ಹಾಡು. ಅದೇ ಧಾಟಿಗೆ ದೇವರ ಜಾಗದಲ್ಲಿ ಒಬ್ಬ ಹುಡುಗಿಯನ್ನು ಕೂರಿಸಿದ್ದೇ 'ಲವಬಲ್'. ರೆಕಾರ್ಡಿನ ಮೇಲೆ ಹೆಸರು ಡೇಲ್ ಕುಕ್. ಹೆಸರು ಬದಲಿಸಿದರೆ ಗಂಟಲು ಬದಲಾಗುತ್ತದೆಯೇ? ಸರಿ ಅನ್ನಿಸಿದ್ದರೆ ಬಚ್ಚಿಡುವ ಗರಜೇನಿತ್ತು?

ಹೋಗಲಿ, ಚರ್ಚು ಬಿಟ್ಟು ಹೋದ ಮೇಲಾದರೂ ಆ ಗಂಟಲನ್ನು ಪೂರ್ತಿ ಬಿಚ್ಚಿ ಹಾಡಲು ಮಾರುಕಟ್ಟೆ ಒಪ್ಪಿತೇ? 1963ರ ಜನವರಿಯಲ್ಲಿ ಮಯಾಮಿಯ ಹಾರ್ಲೆಮ್ ಸ್ಕ್ವೇರ್ ಕ್ಲಬ್ಬಿನಲ್ಲಿ ತನ್ನ ಜನರ ಮುಂದೆ ಅವನು ಹಾಡಿದ್ದನ್ನು ಕೇಳಿ. ಗಂಟಲು ಒಡೆದು, ಬೆವರಿಳಿಸಿ ಹಾಡಿದ್ದಾನೆ. ಅದು ಅಂಗಡಿಗೆ ಬಂದದ್ದು 1985ರಲ್ಲಿ! ಆದರೆ 1964ರಲ್ಲಿ ನ್ಯೂಯಾರ್ಕಿನ ಕೋಪಾಕಬಾನಾ ನೈಟ್‌ಕ್ಲಬ್ಬಿನಲ್ಲಿ ಊಟ ಮಾಡುತ್ತಾ ಕೂತವರಿಗೆ ನಯವಾಗಿ ಹಾಡಿದ್ದು ಅದೇ ವರ್ಷ ಹೊರಬಂತು.

ಆ ಡಿಸೆಂಬರ್ 11ರಂದು ಲಾಸ್ ಏಂಜಲೀಸ್‌ನ ಮೋಟೆಲೊಂದರಲ್ಲಿ ಗುಂಡೇಟಿಗೆ ಸತ್ತಾಗ ಅವನಿಗೆ 33. ಇದನ್ನು ದೇವರ ಶಿಕ್ಷೆ ಅನ್ನುವ ಕೆಟ್ಟ ಮಾತು ನನ್ನದಲ್ಲ. ನನ್ನ ತಕರಾರು ಬೇರೆ. ಮೇಲೆ ಹೊಗಳಿದ 'ಎ ಚೇಂಜ್ ಈಸ್ ಗಾನಾ ಕಮ್' ಅದೇ ತಿಂಗಳು ಸಿಂಗಲ್ (ಬಿಡಿ ಹಾಡಿನ ಪುಟ್ಟ ರೆಕಾರ್ಡ್) ಆಗಿ ಬಂತು. ಸಿನಿಮಾಕ್ಕೆ, ಪೇಟೆಗೆ ಹೋದರೆ 'ಇಲ್ಲಿ ನಿಲ್ಲಬೇಡ' ಅನ್ನುತ್ತಾರೆ ಎಂಬ ಚರಣ ಅದರಲ್ಲಿತ್ತಲ್ವಾ? ಸಿಂಗಲ್‌ನಲ್ಲಿ ಕತ್ತರಿ ಬಿದ್ದದ್ದು ಸರಿಯಾಗಿ ಅದಕ್ಕೇ.