ಬ್ಯಾಟಲ್ ರ‍್ಯಾಪ್: ಗತ್ತು ಗೆಲ್ಲಬೇಕಾ, ಸಾಲು ಗೆಲ್ಲಬೇಕಾ?

ಪರ: ಗತ್ತೇ ಮೊದಲು

ಬ್ಯಾಟಲ್ ರ‍್ಯಾಪ್ ಅಂದರೆ ಇಬ್ಬರು ಪ್ರಾಸದ ಸಾಲುಗಳಲ್ಲಿ ಒಬ್ಬರನ್ನೊಬ್ಬರು ಹೀಯಾಳಿಸುವ ಪಂದ್ಯ. ಅದರಲ್ಲಿ ಸಾಲು ಮುಖ್ಯವೋ, ಹೇಳುವ ಗತ್ತು ಮುಖ್ಯವೋ ಅನ್ನುವುದೇ ಜಗಳ. ಇಬ್ಬರು ಮೂಗಿಗೆ ಮೂಗು ತಾಗಿಸಿ ನಿಲ್ಲುತ್ತಾರೆ. ಬೀಟ್ (ಹಿನ್ನೆಲೆಯ ತಾಳ) ಇಲ್ಲ. ಸಾಮಾನ್ಯವಾಗಿ ಮೂರು ಸುತ್ತು. ನ್ಯೂಯಾರ್ಕಿನ ಅಲ್ಟಿಮೇಟ್ ರ‍್ಯಾಪ್ ಲೀಗ್, ಅಂದರೆ ಯುಆರ್‌ಎಲ್ ಲೀಗಿನಲ್ಲಂತೂ ಹೆಚ್ಚಿನ ಬ್ಯಾಟಲ್‌ಗಳಿಗೆ ತೀರ್ಪುಗಾರರೇ ಇರುವುದಿಲ್ಲ. ಹಾಗಾದರೆ ಗೆದ್ದವರು ಯಾರು ಅಂತ ಹೇಳುವುದು ಯಾರು? ಸುತ್ತ ನಿಂತ ಜನ. ಅವರಿಗೆ ತಟ್ಟದ ಸಾಲು ಎಷ್ಟು ಚೆನ್ನಾಗಿದ್ದರೆ ಏನು ಬಂತು?

2012ರಲ್ಲಿ ಅದೇ ಲೀಗು ನಡೆಸಿದ ಸಮ್ಮರ್ ಮ್ಯಾಡ್ನೆಸ್ 2 ನೋಡಿ. ಡೆಟ್ರಾಯಿಟ್‌ನ ಕ್ಯಾಲಿಕೋ ಎದುರು ಹಾರ್ಲೆಮ್‌ನ ಲೋಡೆಡ್ ಲಕ್ಸ್. ಲಕ್ಸ್ ಬಂದಿದ್ದು ಸೂಟು ಹಾಕಿಕೊಂಡು, ಹಿಂದೆ ಶವಪೆಟ್ಟಿಗೆ ಹೊರಿಸಿಕೊಂಡು! ಬಾಯಿ ಬಿಡುವ ಮೊದಲೇ ಎದುರಾಳಿಯ ತಿಥಿ ಮುಗಿಸಿಬಿಟ್ಟಿದ್ದ. ಆಮೇಲೆ ‘ಯೂ ಗಾನ್ ಗೆಟ್ ದಿಸ್ ವರ್ಕ್’ (ಇವತ್ತು ನಿನಗೆ ಸರಿಯಾಗಿ ಬೀಳುತ್ತೆ) ಅಂದ. ಅಷ್ಟೇ. ಬ್ಯಾಟಲ್ ರ‍್ಯಾಪ್ ನೋಡುವವರ ಬಾಯಲ್ಲಿ ಇವತ್ತಿಗೂ ಆ ಮಾತಿದೆ. ಅದರಲ್ಲಿ ಎಂಥ ಕಾವ್ಯ ಇದೆ ಹೇಳಿ? ಏನೂ ಇಲ್ಲ. ಹೇಳಿದ ರೀತಿ ಇದೆ.

ನಮ್ಮ ಕಾಲೇಜು ಫೆಸ್ಟಿನಲ್ಲೂ ಒಮ್ಮೆ ಕನ್ನಡ ಬ್ಯಾಟಲ್ ಇಟ್ಟಿದ್ದರು. ನನ್ನ ರೂಮ್‌ಮೇಟ್ ಮೆಸ್‌ನಲ್ಲಿ ಕೂತು ಪ್ರಾಸ ಕಟ್ಟುತ್ತಿದ್ದ, ತಟ್ಟೆಯಲ್ಲಿ ಅನ್ನ ಆರಿಹೋದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಸಾಲುಗಳು ನಿಜಕ್ಕೂ ಸೂಪರ್. ವೇದಿಕೆ ಹತ್ತಿದ, ಫೋನ್ ತೆಗೆದ, ತಲೆ ಬಗ್ಗಿಸಿ ಓದತೊಡಗಿದ. ನಡುವೆ ಸ್ಕ್ರೀನ್ ಲಾಕ್ ಆಯಿತು. ಬೆರಳು ಬೆವತಿತ್ತು, ಫಿಂಗರ್‌ಪ್ರಿಂಟ್ ತಗೊಳ್ಳಲೇ ಇಲ್ಲ. ಎದುರಿಗಿದ್ದ ಹುಬ್ಬಳ್ಳಿ ಹುಡುಗ ಮೆಲ್ಲಗೆ ಹತ್ತಿರ ಬಂದ, ಫೋನಿನೊಳಗೆ ಇಣುಕಿದ, ‘ಯಾಕಲೇ ದೋಸ್ತ, ರಿಸಲ್ಟ್ ಬಂತೇನ?’ ಅಂದ. ಹಾಲ್‌ನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಪ್ರಾಸ ಇಲ್ಲ, ಎರಡರ್ಥ ಇಲ್ಲ, ಮಣ್ಣಂಗಟ್ಟಿ ಇಲ್ಲ. ಅಲ್ಲಿಗೆ ಮುಗೀತು. ಆ ರಾತ್ರಿ ರೂಮಿನಲ್ಲಿ ನನ್ನ ಗೆಳೆಯ ಉಳಿದ ಸಾಲುಗಳನ್ನೆಲ್ಲ ನನಗೊಬ್ಬನಿಗೇ ಹೇಳಿ ತೋರಿಸಿದ. ಚೆನ್ನಾಗಿದ್ದವು, ಆದರೆ ಕೇಳಬೇಕಾದವರು ಮನೆಗೆ ಹೋಗಿಯಾಗಿತ್ತು.

‘ಎರಡನೇ ಸಲ ಕೇಳಿದರೆ ಸಾಲಿನ ಬೆಲೆ ಗೊತ್ತಾಗುತ್ತದೆ’ ಅನ್ನುವವರಿದ್ದಾರೆ. ಅವರು ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ಪಾಜ್ ಒತ್ತಿ ಒತ್ತಿ ನೋಟ್ಸ್ ಬರೆದುಕೊಳ್ಳಲಿ, ಪಾಪ. ಬ್ಯಾಟಲ್ ನಡೆಯುವುದು ಒಂದೇ ಸಲ.

ವಿರೋಧ: ಸಾಲೇ ಇಲ್ಲದಿದ್ದರೆ?

ಸಾಲಿನ ಪರ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಸೇಂಟ್ ಲೂಯಿಸ್‌ನ ಹಿಟ್‌ಮ್ಯಾನ್ ಹೋಲಾ ಗತ್ತಿನಿಂದ ವೇದಿಕೆಗೆ ಬಂದರೆ ನಾನೂ ವಾಲ್ಯೂಮ್ ಜಾಸ್ತಿ ಮಾಡುವವನೇ, ಸುಮ್ನೆ ಯಾಕೆ ಸುಳ್ಳು ಹೇಳಲಿ.

ಆದರೂ ಒಂದು ಮಾತು. ಹಿಂದೆ ಅಮೆರಿಕದ ಹಿಪ್‌ಹಾಪ್ ಹಬ್ಬ ಸ್ಕ್ರಿಬಲ್ ಜ್ಯಾಮ್‌ನಂಥ ಕಡೆ ಬೀಟ್ ಮೇಲೆ, ನಿಂತ ನಿಲುವಿನಲ್ಲಿ ರ‍್ಯಾಪ್ ಕಟ್ಟಬೇಕಿತ್ತು. 1997ರಲ್ಲಿ ಎಮಿನೆಮ್ ಇನ್ನೊಬ್ಬ ರ‍್ಯಾಪರ್ ಜ್ಯೂಸ್‌ಗೆ ಸೋತಿದ್ದು ಅಲ್ಲೇ. 2008ರ ಹೊತ್ತಿಗೆ ಗ್ರೈಂಡ್ ಟೈಮ್, ಟೊರಾಂಟೊದ ಕಿಂಗ್ ಆಫ್ ದ ಡಾಟ್ ಥರದ ಲೀಗುಗಳು ಬಂದವು. ಬೀಟ್ ಹೋಯಿತು, ಮೊದಲೇ ಬರೆದು ಬಾಯಿಪಾಠ ಮಾಡಿಕೊಂಡು ಬರುವುದು ಹೆಚ್ಚಾಯಿತು. ಬೀಟ್ ಹೋದ ಮೇಲೆ ಪ್ರತಿ ಪದವೂ ಕಿವಿಗೆ ಬೀಳುತ್ತದೆ, ಜೊಳ್ಳು ಸಾಲನ್ನು ಬಚ್ಚಿಡಲು ಜಾಗವೇ ಇಲ್ಲ. ಜೋರಾಗಿ ಕೂಗಿದವನೇ ಗೆದ್ದ ಅನ್ನುವುದಾದರೆ ಬಹುಮಾನವನ್ನು ಮೈಕ್‌ಸೆಟ್‌ನವರಿಗೆ ಕೊಡಿ.

ತಾಳಮದ್ದಳೆಯನ್ನೇ ನೋಡಿ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಕೃಷ್ಣ-ಕೌರವರ ವಾದ. ಜನ ಕೇಳುವುದಿಲ್ವಾ? (ಒಳ್ಳೆಯ ಅರ್ಥಧಾರಿಯ ದನಿಗೂ ಗತ್ತಿರುತ್ತದೆ ಅನ್ನಬೇಡಿ, ನನಗೆ ಕೊಟ್ಟಿರುವ ಜಾಗ ಕಡಿಮೆ.)

ಅರಿಜೋನಾದ ರಮ್ ನಿಟ್ಟಿ ಇದ್ದಾನೆ. ಜಾಸ್ತಿ ಕುಣಿಯುವವನಲ್ಲ. ಒಂದೇ ಮಾತಿನಲ್ಲಿ ಎರಡು ಮೂರು ಅರ್ಥ ತುರುಕಿ ಬಿಡುತ್ತಾನೆ. ಕೆಲವು ಸಾಲು ಮೊದಲ ಸಲ ನನಗೂ ಹೊಳೆಯಲಿಲ್ಲ, ಯೂಟ್ಯೂಬ್‌ನಲ್ಲಿ ಯಾರೋ ಬಿಡಿಸಿ ಹೇಳಿದ ಮೇಲೆಯೇ ಗೊತ್ತಾಗಿದ್ದು. ಅದು ಅವನ ತಪ್ಪಲ್ಲ, ಅಲ್ವಾ?