ಕಾಲು ನೋಡಿ, ಗುಂಡಿ ನೋಡಿ

ಚೀನಾದ ಹಳೆಯ ಮಿಶನ್ ಶಾಲೆಗಳ ಗ್ರೂಪ್ ಫೋಟೊಗಳಲ್ಲಿ ಬಿಟ್ಟರೂ ನಡೆಯುವ ಮನುಷ್ಯ ಒಬ್ಬನೇ: ನಟ್ಟನಡುವೆ ಕುರ್ಚಿಯಲ್ಲಿ ಕೂತ ಪಾದ್ರಿ. ಆತನ ಹೆಸರು, ಹುಟ್ಟೂರು, ಹಡಗು ಹತ್ತಿದ ತಾರೀಖು ಮಿಶನ್ನಿನ ಯಾವುದಾದರೊಂದು ರಿಜಿಸ್ಟರಿನಲ್ಲಿ ಸಿಕ್ಕೇ ಸಿಗುತ್ತದೆ. ಸುತ್ತ ನಿಂತ ಮಕ್ಕಳ ಪಾಲಿಗೆ ಬರುವುದು ‘ನಮ್ಮ ಶಾಲೆಯ ಹುಡುಗಿಯರು’ ಎಂಬ ಒಂದು ಸಾಲು, ಅಷ್ಟೆ. ಹೆಸರಿಲ್ಲದವರ ವಿಷಯ ತಿಳಿಯಬೇಕಾದರೆ ಮುಖ ನೋಡಿ ಪ್ರಯೋಜನವಿಲ್ಲ. ಕಾಲಿನಿಂದ ಶುರುಮಾಡಬೇಕು.

ಪಾದ ಪುಟ್ಟದಾಗಿಯೇ ಉಳಿಯಲೆಂದು ಹುಡುಗಿಯರ ಕಾಲು ಕಟ್ಟುವ ಪದ್ಧತಿ ಆಗ ಚೀನಾದಲ್ಲಿತ್ತು. ಹುಡುಗಿಗೆ ಐದಾರು ವರ್ಷವಾಗುತ್ತಲೇ ನಾಲ್ಕು ಬೆರಳುಗಳನ್ನು ಅಂಗಾಲಿನಡಿಗೆ ಮಡಚಿ, ಉದ್ದನೆಯ ಬಟ್ಟೆಯಿಂದ ಬಿಗಿಯಾಗಿ ಸುತ್ತುತ್ತಿದ್ದರು. ಅಂಥ ಕಾಲು ಫೋಟೊದಲ್ಲಿ ಚೂಪು ತುದಿಯ ಪುಟ್ಟ ತ್ರಿಕೋನವಾಗಿ ಲಂಗದ ಅಂಚಿನಿಂದ ಇಣುಕುತ್ತದೆ. 1870ರ ದಶಕದಿಂದೀಚೆಗೆ, ಕಾಲು ಬಿಚ್ಚಿದರೆ ಮಾತ್ರ ಸೇರಿಸಿಕೊಳ್ಳುತ್ತೇವೆ ಎಂದು ಕೆಲವು ಮಿಶನ್ ಶಾಲೆಗಳು ಷರತ್ತು ಹಾಕತೊಡಗಿದವು. ಆದರೆ ವರ್ಷಗಟ್ಟಲೆ ಕಟ್ಟಿದ ಕಾಲು ಬಿಚ್ಚಿದ ಮಾತ್ರಕ್ಕೆ ಮೊದಲಿನಂತಾಗುವುದಿಲ್ಲ. ದೊಡ್ಡ ಜೋಡಿನ ತುದಿಗೆ ಹತ್ತಿ ತುಂಬಿ ಹಾಕಿಕೊಳ್ಳುತ್ತಿದ್ದವರಿದ್ದರು. ಆದ್ದರಿಂದ ಜೋಡಿನ ಅಳತೆಯೊಂದನ್ನೇ ನಂಬಬಾರದು, ಹಿಮ್ಮಡಿಯನ್ನೂ ಹುಡುಗಿ ನಿಂತ ಭಂಗಿಯನ್ನೂ ನೋಡಬೇಕು.

ಇನ್ನೊಂದು ಮೋಸವಿದೆ. ಸಾಲಿನ ಹುಡುಗಿಯರಿಗೆಲ್ಲ ಸಹಜ ಪಾದವಿದ್ದರೆ ಅದು ಮಿಶನ್ನಿನ ಸುಧಾರಣೆಯ ಫಲ ಎಂದು ಅಡಿಬರಹ ಬರೆದುಬಿಡುವ ಚಪಲ ಹಲವರಿಗಿದೆ. ಗ್ವಾಂಗ್‌ಡಾಂಗ್ ಸೀಮೆಯ ಹಕ್ಕಾ ಜನರಲ್ಲಿ ಹೆಂಗಸರು ಕಾಲು ಕಟ್ಟುತ್ತಲೇ ಇರಲಿಲ್ಲ. ಹೊಲದ ಕೆಲಸ, ಹೊರೆ ಹೊರುವ ಕೆಲಸ ಅವರದೇ. ನಮಗೆ ಹೆಂಚಿನಿಂದಲೂ ಕನ್ನಡದ ಅಚ್ಚುಕೂಟದಿಂದಲೂ ಪರಿಚಯವಾದ ಬಾಸೆಲ್ ಮಿಶನ್ ಚೀನಾದಲ್ಲಿ ನೆಲೆಯೂರಿದ್ದು ಈ ಹಕ್ಕಾಗಳ ನಡುವೆಯೇ. ಆ ಮಿಶನ್ ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ; ಅದರ ಪಾದ್ರಿಗಳಾದ ರುಡಾಲ್ಫ್ ಲೆಖ್ಲರ್ ಮತ್ತು ಥಿಯೋಡೋರ್ ಹಾಂಬರ್ಗ್ 1847ರಲ್ಲಿ ಹಾಂಗ್‌ಕಾಂಗ್ ಸೇರಿದರು. ಮಂಗಳೂರಿನ ಚಿತ್ರಗಳೂ ಹಕ್ಕಾ ಶಾಲೆಗಳ ಚಿತ್ರಗಳೂ ಇಂದು ಬಾಸೆಲ್‌ನ ಒಂದೇ ಭಂಡಾರದಲ್ಲಿವೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸಾಲು ನಿಲ್ಲಿಸುವ ಕ್ರಮ ಎರಡೂ ಕಡೆ ಒಂದೇ.

ಕಾಲಾದ ಮೇಲೆ ತಲೆ. ಮಂಚು ಅರಸರ ಆಳ್ವಿಕೆಯಲ್ಲಿ ಗಂಡಸರು ಮುಂದಲೆ ಬೋಳಿಸಿ ಹಿಂದೆ ಜಡೆ ಬಿಡಬೇಕೆಂಬುದು ಕಟ್ಟಪ್ಪಣೆ. ಎದುರಿನಿಂದ ತೆಗೆದ ಫೋಟೊದಲ್ಲಿ ಜಡೆ ಕಾಣುವುದಿಲ್ಲ, ಬೋಳು ಹಣೆ ಕಾಣುತ್ತದೆ. ಆ ಅರಸರನ್ನು ಇಳಿಸಿದ 1911ರ ಕ್ರಾಂತಿಯ ನಂತರ ಜಡೆಗಳು ಉದುರಿದವು. ಎಲ್ಲ ಹುಡುಗರಿಗೂ ಕ್ರಾಪಿದ್ದರೆ ಚಿತ್ರ ಬಹುತೇಕ ಆಮೇಲಿನದು. ಜಡೆಯಿದ್ದ ಮಾತ್ರಕ್ಕೆ ಹಿಂದಿನದು ಎನ್ನುವಂತಿಲ್ಲ. ಹಳ್ಳಿಗಳಲ್ಲಿ ವರ್ಷಗಳ ಕಾಲ ಅದನ್ನು ಕತ್ತರಿಸದವರಿದ್ದರು. ಜಡೆಯವನು ಚೀನೀಯನೇ ಎಂದೂ ತಿಳಿಯಬೇಕಿಲ್ಲ. 1865ರಲ್ಲಿ ಚೀನಾ ಇನ್‌ಲ್ಯಾಂಡ್ ಮಿಶನ್ ಕಟ್ಟಿದ ಹಡ್ಸನ್ ಟೇಲರ್ ತಾನೂ ಚೀನೀ ನಿಲುವಂಗಿ ತೊಟ್ಟ, ತನ್ನವರಿಗೂ ತೊಡಿಸಿದ. ಟೋಪಿಗೇ ಚೌರಿ ಜಡೆ ಹೊಲಿಸಿಕೊಂಡ ಇಂಗ್ಲಿಷ್ ಪಾದ್ರಿಗಳೂ ಇದ್ದರು. ಟೋಪಿ ತೆಗೆದು ನಮಸ್ಕರಿಸುವ ಅಭ್ಯಾಸವನ್ನು ಅವರು ಹೇಗೆ ತಡೆದುಕೊಂಡರೋ!

ಇನ್ನು ಅಂಗಿಯ ಗುಂಡಿ. ಈ ಚಿತ್ರಗಳಲ್ಲಿ ಎಷ್ಟೋ ನಮಗೆ ಸಿಗುವುದು ಮ್ಯಾಜಿಕ್ ಲಾಂದ್ರದ ಗಾಜಿನ ಸ್ಲೈಡುಗಳಾಗಿ. ರಜೆಯಲ್ಲಿ ಊರಿಗೆ ಮರಳಿದ ಪಾದ್ರಿಗಳು ಚರ್ಚಿನಲ್ಲಿ ಇವನ್ನು ಪರದೆಗೆ ಬಿಟ್ಟು ಚಂದಾ ಎತ್ತುತ್ತಿದ್ದರು. ಬ್ರಿಟನ್ನಿನ ಸ್ಲೈಡು ಮೂರೂಕಾಲು ಇಂಚಿನ ಚೌಕ, ಅಮೆರಿಕದ್ದು ಮೂರೂಕಾಲಕ್ಕೆ ನಾಲ್ಕು. ಗಾಜಾದ್ದರಿಂದ ಎರಡು ಬದಿಯಿಂದಲೂ ಚಿತ್ರ ಕಾಣುತ್ತದೆ. ಸ್ಕ್ಯಾನ್ ಮಾಡುವವರು ಹಿಂದುಮುಂದಾಗಿಟ್ಟರೆ ಎಡ ಬಲವಾಗುತ್ತದೆ. ಸರಿಯಾಗಿ ಹಿಡಿದಾಗ ಕೆಳಗಿನ ಎಡಮೂಲೆಗೆ ಬರುವಂತೆ ಒಂದು ಚುಕ್ಕೆ ಅಂಟಿಸುವುದು ರೂಢಿ, ಅದು ಉದುರಿಹೋಗಿದ್ದರೆ ಗುಂಡಿಯೇ ಗತಿ. ಚೀನೀ ನಿಲುವಂಗಿಯ ಎಡ ಸೆರಗು ಬಲ ಸೆರಗಿನ ಮೇಲೆ ಹಾಯ್ದು, ತೊಟ್ಟವರ ಬಲಗಂಕುಳಿನ ಬದಿಯಲ್ಲಿ ಗುಂಡಿ ಬೀಳುತ್ತದೆ. ಎಂದರೆ ನೋಡುವ ನಮ್ಮ ಎಡಕ್ಕೆ. ಇಡೀ ಶಾಲೆಯ ಗುಂಡಿ ನಮ್ಮ ಬಲಕ್ಕಿದ್ದರೆ ಸ್ಲೈಡು ತಿರುವಿದೆ. ನಡುವೆಯೇ ಗುಂಡಿಯಿರುವ ಗಿಡ್ಡ ಮೇಲಂಗಿಗೆ ಈ ಉಪಾಯ ನಡೆಯದು.

ಬಟ್ಟೆಯ ಬಣ್ಣದ ಬಗ್ಗೆ ಮಾತ್ರ ಬಾಯಿ ಬಿಡದಿರುವುದು ಕ್ಷೇಮ. ಫಿಲ್ಮಿಗೆ ಮುಂಚೆ ಕ್ಯಾಮೆರಾದೊಳಗೆ ಇಡುತ್ತಿದ್ದ, ಕೊಲೋಡಿಯನ್ ಎಂಬ ಅಂಟು ದ್ರಾವಣ ಸವರಿದ ಗಾಜಿಗೆ ನೀಲಿ ಬೆಳಕೆಂದರೆ ಪ್ರಾಣ, ಕೆಂಪು ಕಾಣುವುದೇ ಇಲ್ಲ. ಕೆಂಪು ರೇಷ್ಮೆ ಕಪ್ಪಾಗುತ್ತದೆ, ನೀಲಿ ಹತ್ತಿಬಟ್ಟೆ ಬಿಳಿಚುತ್ತದೆ. ನೀಲಿ ಕಣ್ಣಿನ ಪಾದ್ರಿ ಕುರುಡನಂತೆ ಕಾಣುವುದೂ ಇದರಿಂದಲೇ. ಆ ಗಾಜಿಗೆ ದ್ರಾವಣ ಸವರಿ, ಬೆಳ್ಳಿಯ ನೈಟ್ರೇಟಿನಲ್ಲಿ ಅದ್ದಿ, ಹಸಿಯಿರುವಾಗಲೇ ಫೋಟೊ ತೆಗೆದು ತೊಳೆಯಬೇಕು. ಹತ್ತು–ಹದಿನೈದು ನಿಮಿಷದಲ್ಲಿ ಎಲ್ಲ ಮುಗಿಯಬೇಕು. ಎಕ್ಸ್‌ಪೋಷರ್‌ಗೇ ಹಲವು ಸೆಕೆಂಡು. ಅಷ್ಟು ಹೊತ್ತು ಅಲುಗದೆ ನಿಂತವರ ಮುಖ ಗಂಟಿಕ್ಕಿರುವುದನ್ನು ಮಿಶನ್ ಶಿಸ್ತಿನ ಗುರುತೆಂದು ಓದುವವರಿದ್ದಾರೆ. ನನಗಂತೂ ಅಲುಗಿ ಮಸುಕಾದ ಮಗುವಿನ ಮೇಲೆ ಹೆಚ್ಚು ಪ್ರೀತಿ.

ಹಲಗೆಯೋ ಬ್ಯಾನರೋ ಇದ್ದರೆ ಅದೃಷ್ಟ. ಅಡ್ಡ ಬರಹವನ್ನು ಆಗ ಬಲದಿಂದ ಎಡಕ್ಕೆ ಓದುತ್ತಿದ್ದರು, ಅದನ್ನು ಕಂಡು ಸ್ಲೈಡು ತಿರುವಿದೆಯೆಂದು ಗಾಬರಿಯಾಗಬೇಡಿ. ಇಸವಿ ಗ್ವಾಂಗ್‌ಷು ದೊರೆಯ ಲೆಕ್ಕದಲ್ಲಿದ್ದರೆ 1874 ಕೂಡಿಸಿ, ಗಣರಾಜ್ಯದ ಲೆಕ್ಕದಲ್ಲಿದ್ದರೆ 1911. ಶಕವರ್ಷಕ್ಕೆ ನಾವು 78 ಕೂಡಿಸುವ ಹಾಗೆ. ಗ್ವಾಂಗ್‌ಷು 26 ಎಂದರೆ 1900, ಪರದೇಶಿಯರ, ಕ್ರೈಸ್ತರ ಮೇಲೆ ಜನ ತಿರುಗಿಬಿದ್ದ ಬಾಕ್ಸರ್ ದಂಗೆಯ ವರ್ಷ. ಚೀನೀ ವರ್ಷದ ಕೊನೆಯ ತಿಂಗಳಾದರೆ ಮುಂದಿನ ಇಸವಿಗೆ ಜಾರಿರಬಹುದು.

ಸಾಲು ನಿಲ್ಲಿಸಿದ ಚಿತ್ರಗಳ ಬೇಸರ ಕಳೆಯಲು ಕೆನಡಾದ ಪಾದ್ರಿ ಜಾರ್ಜ್ ಲೆಸ್ಲಿ ಮ್ಯಾಕೆಯ ಫೋಟೊ ನೋಡಬೇಕು. 1872ರಲ್ಲಿ, ಛಿಂಗ್, ಅಂದರೆ ಮಂಚು ಅರಸರ, ಆಡಳಿತದಲ್ಲಿದ್ದ ತೈವಾನಿನ ತಮ್‌ಸುಯ್‌ಗೆ ಬಂದ ಈತ ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗಿ, ದೇವಸ್ಥಾನದ ಮೆಟ್ಟಿಲ ಮೇಲೆ ನಿಂತು ಒಂದೆರಡು ಕೀರ್ತನೆ ಹಾಡಿ, ಹಲ್ಲು ಕಿತ್ತು, ಆಮೇಲೆ ಉಪದೇಶ ಮಾಡುತ್ತಿದ್ದ. ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಹಲ್ಲು ಕಿತ್ತ ಲೆಕ್ಕ ಅವನೇ ಕೊಟ್ಟಿದ್ದಾನೆ. ಕಿತ್ತ ಹಲ್ಲನ್ನು ತಪ್ಪದೆ ರೋಗಿಯ ಕೈಗೇ ಇಡುತ್ತಿದ್ದ. ಇಟ್ಟುಕೊಂಡರೆ ಪರದೇಶಿಯ ಮೇಲೆ ಜನಕ್ಕೆ ಅನುಮಾನ ಬರುತ್ತದಲ್ಲ. ಇಕ್ಕುಳ ಹಿಡಿದ ಆ ಚಿತ್ರದಲ್ಲಿ ಶಿಷ್ಯರು ಬರಿಯ ಹಿನ್ನೆಲೆಯಲ್ಲ, ಕೆಲಸದವರು.

ಹೆಸರು ಉಳಿಸಿಕೊಂಡ ವಿದ್ಯಾರ್ಥಿನಿಯರೂ ಇದ್ದಾರೆ. ಜಿಯುಜಿಯಾಂಗ್‌ನ ಷೀ ಮೇಯ್‌ಯೂ ಕಾಲು ಕಟ್ಟದೆ ಬೆಳೆದವಳು. ಶಿಕ್ಷಕಿ ಗರ್ಟ್ರೂಡ್ ಹೋವ್ ಜತೆ ಅಮೆರಿಕಕ್ಕೆ ಹೋಗಿ, ಗೆಳತಿ ಕಾಂಗ್ ಚೆಂಗ್‌ಳೊಂದಿಗೆ 1896ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರಾಗಿ ಚೀನಾಕ್ಕೆ ಮರಳಿದಳು. ಇಂಥವರ ಚಿತ್ರಕ್ಕೆ ಹೆಸರು ಸಿಕ್ಕಿದ್ದು ಅವರು ಡಾಕ್ಟರಾದ ಮೇಲೆ. ಉಳಿದವರ ಹೆಸರು ಎಲ್ಲಾದರೂ ಇದ್ದರೆ ಫೋಟೊದ ಹಿಂಬದಿಯಲ್ಲಿ, ಪೆನ್ಸಿಲ್ಲಿನಲ್ಲಿ. ಸ್ಕ್ಯಾನ್ ಮಾಡುವಾಗ ಆ ಬದಿಯನ್ನೂ ಮಾಡಿ. ಆಲ್ಬಮ್ಮಿಗೆ ಅಂಟಿಸಿದ್ದರೆ ಕೀಳಲು ಹೋಗಬೇಡಿ, ಪುಟವನ್ನೇ ಇಡಿಯಾಗಿ ತೆಗೆಯಿರಿ.