ಬಡಿದರೋ, ಬಡಿಸಿದರೋ?

ಮೊದಲು ಬಂದದ್ದು ತಿಂಡಿ. 1969ರ ಮಾರ್ಚ್ 18, ವಿಯೆಟ್ನಾಂ ಯುದ್ಧದ ಕಾಲ, ಕಾಂಬೋಡಿಯದ ಗಡಿಯ ಕಾಡು. ಹೊತ್ತು ತಂದವು ಅಮೆರಿಕದ ಬಿ-52 ವಿಮಾನಗಳು. ಕಾರ್ಯಾಚರಣೆಯ ಹೆಸರೇ ‘ಬ್ರೇಕ್‌ಫಾಸ್ಟ್’. ಅಧಿಕಾರಿಗಳು ಬೆಳಗಿನ ತಿಂಡಿ ತಿನ್ನುತ್ತಾ ಈ ಪ್ಲಾನ್ ಮಾತಾಡಿದ್ದರಂತೆ, ಅದಕ್ಕೇ ಆ ಹೆಸರು. ತಿಂಡಿಗೆ ಕರೆದು ಊಟಕ್ಕೆ ಹೇಳದಿದ್ದರೆ ಏನು ಚೆನ್ನ? ಹಿಂದೆಯೇ ‘ಲಂಚ್’ ಬಂತು. ‘ಸ್ನ್ಯಾಕ್’ ಬಂತು. ‘ಡಿನ್ನರ್’ ಬಂತು. ಅದು ಅರಗುವ ಮೊದಲೇ ‘ಸಪ್ಪರ್’. ಕೊನೆಗೆ ಬಾಯಿ ಸಿಹಿ ಮಾಡಲು ‘ಡೆಸರ್ಟ್’. ಇಷ್ಟೂ ಸೇರಿ ‘ಆಪರೇಷನ್ ಮೆನು’. 14 ತಿಂಗಳು, 3,600ಕ್ಕೂ ಹೆಚ್ಚು ವಿಮಾನ ದಾಳಿ, ಲಕ್ಷ ಟನ್ನಿಗೂ ಮೇಲೆ ಬಾಂಬು.

ಕನ್ನಡದಲ್ಲಿ ಬಡಿಯೋದಕ್ಕೂ ಬಡಿಸೋದಕ್ಕೂ ಒಂದಕ್ಷರದ ದೂರ. ಇಂಗ್ಲಿಷಿನಲ್ಲಿ ಆ ಅನುಕೂಲ ಇಲ್ಲ. ಆದರೂ ಪಾಪ, ಕಷ್ಟಪಟ್ಟು ಎರಡನ್ನೂ ಒಂದು ಮಾಡಿದರು.

ಉತ್ತರ ವಿಯೆಟ್ನಾಮಿನ ಸೈನಿಕರು ಆ ಕಾಡಿನಲ್ಲಿ ಠಿಕಾಣಿ ಹೂಡಿದ್ದರು, ಸುಳ್ಳಲ್ಲ. ಆದರೆ ಕಾಂಬೋಡಿಯ ಯಾರ ಪಕ್ಷಕ್ಕೂ ಸೇರದ ದೇಶ. ಹಾಗಾಗಿ ಈ ಊಟ ಗುಟ್ಟಾಗಿ ನಡೆಯಬೇಕಿತ್ತು. ಎಂಜಲೆಲೆ ಎತ್ತುವ ಕೆಲಸ ಮೇಜರ್ ಹಾಲ್ ನೈಟ್ ಅವರ ಪಾಲಿಗೆ ಬಂತು. ದಕ್ಷಿಣ ವಿಯೆಟ್ನಾಮಿನ ಒಂದು ರಾಡಾರ್ ಕೇಂದ್ರದಲ್ಲಿ ಅವರ ಡ್ಯೂಟಿ. ನಿಜವಾದ ಗುರಿ ಎಲ್ಲಿ ಅನ್ನೋದು ಲಕೋಟೆಯಲ್ಲಿ ಬರುತ್ತಿತ್ತು. ರಾತ್ರಿ ರಾಡಾರ್‌ನವರು ಅದನ್ನು ವಿಮಾನಕ್ಕೆ ಹೇಳುತ್ತಿದ್ದರು. ಕೆಲಸ ಮುಗಿದ ಮೇಲೆ ಆ ಕಾಗದವನ್ನೆಲ್ಲ ಸುಟ್ಟು, ಬಾಂಬು ಬಿದ್ದದ್ದು ದಕ್ಷಿಣ ವಿಯೆಟ್ನಾಮಿನಲ್ಲೇ ಅಂತ ವರದಿ ಹೋಗಬೇಕು. ಇದೇ ನೈಟ್ ಒಬ್ಬ ಸೆನೆಟರ್‌ಗೆ ಕಾಗದ ಬರೆದರು, 1973ರಲ್ಲಿ ಗುಟ್ಟು ರಟ್ಟಾಯಿತು. ಗುಟ್ಟು ಅಂದರೆ ಯಾರಿಗೆ ಗುಟ್ಟು? ಕೆಳಗಿದ್ದವರಿಗೆ ಮೊದಲ ರಾತ್ರಿಯೇ ಗೊತ್ತಾಗಿತ್ತು. ಗೊತ್ತಿಲ್ಲದೆ ಇದ್ದದ್ದು ತೆರಿಗೆ ಕಟ್ಟುತ್ತಿದ್ದ ಅಮೆರಿಕದ ಜನಕ್ಕೆ.

ಮೆನು ಮುಗಿದರೂ ಅಡುಗೆಮನೆ ಬಾಗಿಲು ಹಾಕಲಿಲ್ಲ. 1970ರ ಡಿಸೆಂಬರಿನಲ್ಲಿ ಅಧ್ಯಕ್ಷ ನಿಕ್ಸನ್ ಫೋನಿನಲ್ಲಿ ಕೂಗಾಡಿದರು. ಅವರ ಭದ್ರತಾ ಸಲಹೆಗಾರ ಕಿಸಿಂಜರ್ ಅದನ್ನು ಸೇನೆಯ ಕಡೆಗೆ ದಾಟಿಸಿದರು: ಹಾರುವಂಥದ್ದೆಲ್ಲ ಹೋಗಲಿ, ಅಲ್ಲಾಡುವಂಥದ್ದರ ಮೇಲೆಲ್ಲ ಬೀಳಲಿ. ಮೂರು ವರ್ಷಕ್ಕೆ ಕಿಸಿಂಜರ್‌ಗೆ ನೊಬೆಲ್ ಶಾಂತಿ ಬಹುಮಾನ ಬಂತು. ಬಂದದ್ದು ವಿಯೆಟ್ನಾಮಿನ ಕದನವಿರಾಮಕ್ಕೆ, ಇರಲಿ. ಅಲ್ಲಾಡೋದೆಲ್ಲ ನಿಂತ ಮೇಲೆ ಉಳಿಯೋದು ಶಾಂತಿಯೇ ಅಲ್ವಾ?

ನನಗೆ ಇವರೆಲ್ಲರಿಗಿಂತ ಜಾಸ್ತಿ ಇಷ್ಟವಾದವರು ಕರ್ನಲ್ ಡೇವಿಡ್ ಆಪ್ಫರ್. ರಾಜಧಾನಿ ನೊಮ್ ಪೆನ್‌ನ ಅಮೆರಿಕ ರಾಯಭಾರ ಕಚೇರಿಯಲ್ಲಿ ವಾಯುಪಡೆಯ ಪರವಾಗಿ ಇದ್ದವರು. ಒಂದು ಸಲ ಪತ್ರಕರ್ತರ ಮೇಲೆ ರೇಗಿಬಿಟ್ಟರು. ಯಾವಾಗ ನೋಡಿದರೂ ಬಾಂಬ್ ದಾಳಿ, ಬಾಂಬ್ ದಾಳಿ, ಬಾಂಬ್ ದಾಳಿ ಅಂತಲೇ ಬರೀತೀರಲ್ಲ, ಅದು ಬಾಂಬ್ ದಾಳಿ ಅಲ್ಲ, ವಾಯು ಬೆಂಬಲ ಅಂದರು. 1974ರಲ್ಲಿ ಅಮೆರಿಕದ ಇಂಗ್ಲಿಷ್ ಮೇಷ್ಟ್ರುಗಳ ಮಂಡಳಿ ಇದಕ್ಕೆ, ಮಾತು ತಿರುಚಿ ನಿಜ ಮುಚ್ಚೋರನ್ನು ಆಡಿಕೊಳ್ಳೋ ‘ಡಬಲ್‌ಸ್ಪೀಕ್’ ಪ್ರಶಸ್ತಿ ಕೊಟ್ಟಿತು. ಒಂದು ದೇಶ ಬಾಂಬ್ ಹಾಕಿ, ಅದಕ್ಕೆ ಹೆಸರಿಟ್ಟು, ಆ ಹೆಸರನ್ನು ಆಡಿಕೊಳ್ಳೋಕೂ ತಾನೇ ಸಮಿತಿ ಇಟ್ಟುಕೊಂಡಿರುತ್ತೆ ಅಂದರೆ ವ್ಯವಸ್ಥೆ ಮೆಚ್ಚಬೇಕು. ಬೇರೆಯವರಿಗೆ ಕೆಲಸವೇ ಉಳಿಸಲ್ಲ.

ಈ ಬೆಂಬಲ 1973ರ ಆಗಸ್ಟ್ 6ರ ನಸುಕಿನಲ್ಲಿ ನೀಕ್ ಲುವಾಂಗ್ ಅನ್ನೋ ಊರಿಗೂ ಸಿಕ್ಕಿತು. ಅದು ಶತ್ರುಗಳ ಊರಲ್ಲ, ಅಮೆರಿಕದ ಕಡೆಯವರದ್ದೇ. ವಿಮಾನಗಳಿಗೆ ಗುರುತು ಸಿಗಲಿ ಅಂತ ಊರ ನಡುವೆ ಒಂದು ಬೀಕನ್ ನಿಲ್ಲಿಸಿದ್ದರು. ‘ಈ ಗುರುತಿನಿಂದ ಇಷ್ಟು ದೂರ ಆಚೆ ಬೀಳಿಸು’ ಅಂತ ಯಂತ್ರಕ್ಕೆ ತಿಳಿಸೋ ಸ್ವಿಚ್ ಒಂದಿತ್ತು. ನ್ಯಾವಿಗೇಟರ್ ಅದನ್ನು ಹಾಕೋದು ಮರೆತ. ಬಾಂಬುಗಳು ಸೀದಾ ಗುರುತಿನ ಮೇಲೆಯೇ ಬಂದವು. 137 ಜನ ಸತ್ತರು. ಅಂಥ ದೊಡ್ಡ ಅನಾಹುತವೇನೂ ಆಗಿಲ್ಲ ಅಂದವರು ನಮ್ಮ ಇದೇ ಕರ್ನಲ್. ಆದರೂ ಶಿಸ್ತು ಅಂದರೆ ಶಿಸ್ತು, ನ್ಯಾವಿಗೇಟರ್‌ಗೆ 700 ಡಾಲರ್ ದಂಡ ಬಿತ್ತು. ನಾನು ಸುಮ್ನೆ ಭಾಗಿಸಿ ನೋಡಿದೆ. ತಲೆಗೆ ಐದು ಡಾಲರ್ ಚಿಲ್ಲರೆ.

ಈಗ ಬಿಲ್ಲಿನ ವಿಷಯ.

ಬಾಂಬಿಗೂ ಅಂತರ್ಯುದ್ಧಕ್ಕೂ ಹೆದರಿ ರೈತರು ಗದ್ದೆ ಬಿಟ್ಟು ಓಡಿದರು. ಐದಾರು ಲಕ್ಷ ಜನರಿದ್ದ ನೊಮ್ ಪೆನ್ 20 ಲಕ್ಷ ದಾಟಿತು. ಒಂದು ಕಾಲಕ್ಕೆ ಅಕ್ಕಿ ಮಾರುತ್ತಿದ್ದ ದೇಶ ಅಕ್ಕಿಗೆ ಕೈ ಒಡ್ಡಿತು. ಅಮೆರಿಕ ಕೂಡಲೇ ಅಕ್ಕಿ, ಗೋಧಿ ಕಳಿಸಿತು. ದಾನ ಅಲ್ಲ, ಸಾಲ. ಅಲ್ಲಿ ಆಗ ಇದ್ದ, ಅಮೆರಿಕದ ಕಡೆಯ ಲಾನ್ ನಾಲ್ ಸರ್ಕಾರದ ಹೆಸರಿನಲ್ಲಿ 27 ಕೋಟಿ 40 ಲಕ್ಷ ಡಾಲರ್ ಬರೆದಿಟ್ಟುಕೊಂಡರು. 1975ರ ಏಪ್ರಿಲ್‌ನಲ್ಲಿ ಆ ಸರ್ಕಾರ ಬಿತ್ತು. ಆಮೇಲೆ ಬಂದ ಪೋಲ್ ಪಾಟ್ ಕಾಲದಲ್ಲಿ ಸುಮಾರು 17 ಲಕ್ಷ ಜನ ಸತ್ತರು. ಸಾಲ ಮಾತ್ರ ಸಾಯಲಿಲ್ಲ. ಬಡ್ಡಿ ಸೇರಿ 50 ಕೋಟಿ ಡಾಲರ್ ದಾಟಿತು. 2017ರಲ್ಲಿ ಅಲ್ಲಿದ್ದ ಅಮೆರಿಕದ ರಾಯಭಾರಿ, ಕಾಂಬೋಡಿಯ ನೋಡಿದರೆ ಬಾಕಿ ಉಳಿಸಿಕೊಳ್ಳೋ ದೇಶದ ಥರ ಕಾಣಲ್ಲ ಅಂದರು. ಪ್ರಧಾನಿ ಹುನ್ ಸೇನ್ ಸಿಡಿದು, ಸಾಲ ಮನ್ನಾ ಮಾಡಿ ಅಂತ ಟ್ರಂಪ್‌ಗೆ ಕೇಳಿದರು. ಹುನ್ ಸೇನ್ ಅವರೂ ಸಂತರೇನಲ್ಲ, ಹಿಂದೆ ಪೋಲ್ ಪಾಟ್‌ನ ಖ್ಮೇರ್ ರೂಜ್ ಪಡೆಯಲ್ಲೇ ಇದ್ದವರು. ಆದರೆ ಲೆಕ್ಕ ಲೆಕ್ಕವೇ. ಮಗು ಚಿವುಟಿ ತೊಟ್ಟಿಲು ತೂಗೋರನ್ನು ನೋಡಿದ್ದೇವೆ. ತೂಗಿದ್ದಕ್ಕೆ ಕೂಲಿ, ಕೂಲಿ ತಡವಾದದ್ದಕ್ಕೆ ಬಡ್ಡಿ ಕೇಳೋರು ಇವರೇ ಮೊದಲು.

ನಮ್ಮ ಬೀದಿಯ ರಾಯರಿಗೆ ಈ ಮಾತು ಹಿಡಿಸಲಿಲ್ಲ. ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕಿ ಬೆಂಚಿನ ಮೇಲೆ ಕೂತು ಅಂದರು, “ಸಾಲ ಅಂದ್ಮೇಲೆ ಸಾಲ ಕಣ್ರೀ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಆಗ್ಬಾರ್ದು.”

“ರಾಯರೇ, ಇಲ್ಲಿ ಕೊಟ್ಟೋನೇ ಈರಭದ್ರ. ಕತ್ತಿನೂ ಅವನ ಕೈಲೇ ಇದೆ.”

“ನಿಮಗೆ ಗೊತ್ತಿಲ್ಲ. ನಾನು ಸ್ಕೂಲಲ್ಲಿ ಅವರ ಗೋಧಿ ಉಪ್ಪಿಟ್ಟು ತಿಂದು ಬೆಳೆದೋನು.”

ಅದು ನಿಜವೇ. ಪಿ.ಎಲ್. 480 ಅನ್ನೋ ಕಾನೂನಿನಲ್ಲಿ ನಮಗೆ ಗೋಧಿ ಬರುತ್ತಿತ್ತು, ಕಾಂಬೋಡಿಯಕ್ಕೆ ಸಾಲದ ಅಕ್ಕಿ ಹೋದದ್ದೂ ಅದೇ ಕಾನೂನಿನಲ್ಲಿ. 60ರ ದಶಕದ ಬರಗಾಲದಲ್ಲಿ ಅಧ್ಯಕ್ಷ ಜಾನ್ಸನ್ ನಮ್ಮ ಪಾಲಿನ ಹಡಗುಗಳನ್ನು ತಿಂಗಳ ಲೆಕ್ಕದಲ್ಲಿ ಅಳೆದು ಬಿಡುತ್ತಿದ್ದರು. ವಿಯೆಟ್ನಾಮಿನ ಮೇಲೆ ಬಾಂಬ್ ಹಾಕೋದು ನಿಲ್ಲಿಸಿ ಅಂತ ಇಂದಿರಾ ಗಾಂಧಿ ಹೇಳಿದ್ದು ಅವರಿಗೆ ರುಚಿಸಿರಲಿಲ್ಲ. ಉಪ್ಪಿಟ್ಟು ತಿನ್ನೋ ಬಾಯಲ್ಲಿ ಅಂಥ ಮಾತು ಆಡಬಾರದು. ಆದರೆ ಒಂದು ಒಪ್ಪಿಕೊಳ್ಳಬೇಕು. ಗೋಧಿಗೆ ಅಂತ ನಾವು ಕಟ್ಟಿದ ರೂಪಾಯಿಗಳು ಇಲ್ಲೇ ಗುಡ್ಡೆ ಬಿದ್ದಿದ್ದವು. 1974ರಲ್ಲಿ ಅದರಲ್ಲಿ 1,664 ಕೋಟಿಗೆ ರಾಯಭಾರಿ ಮೊಯ್ನಿಹಾನ್ ಚೆಕ್ ಬರೆದು ವಾಪಸ್ ಕೊಟ್ಟರು. ಅಂದರೆ ಬಾಂಬ್ ಬೀಳದ ದೇಶಕ್ಕೆ ರಿಯಾಯಿತಿ ಸಿಕ್ಕಿತು, ಬಿದ್ದ ದೇಶಕ್ಕೆ ಪೂರ್ತಿ ದರ. ರಾಯರು ಇದನ್ನು ‘ರಾಜತಾಂತ್ರಿಕ’ ಅಂತ ಕರೆದು ಸುಮ್ಮನಾದರು.

ಕಾಂಬೋಡಿಯದ ಗುಟ್ಟು ಬಯಲಾದ ವರ್ಷವೇ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿತು. ನಮ್ಮನ್ನು ಕೇಳದೆ 60 ದಿನಕ್ಕಿಂತ ಜಾಸ್ತಿ ಹೊಡೆದಾಟ ನಡೆಸುವ ಹಾಗಿಲ್ಲ ಅಂತ. ಒಳ್ಳೆಯ ಕಾನೂನು. 2011ರಲ್ಲಿ ಲಿಬಿಯಾದ ಮೇಲೆ ಬಾಂಬ್ ಹಾಕುತ್ತಾ 60 ದಿನ ದಾಟಿತು. ಒಬಾಮಾ ಸರ್ಕಾರದ ವಕೀಲರು ಬಂದು ಹೇಳಿದರು: ನಮ್ಮವರು ಯಾರೂ ಸತ್ತಿಲ್ಲ, ನೆಲದ ಮೇಲೆ ಸೈನ್ಯವಿಲ್ಲ, ಹಾಗಾಗಿ ಇದು ಹೊಡೆದಾಟವೇ ಅಲ್ಲ. ಹೌದಲ್ಲ, ಹೊಡೆದಾಟ ಆಗಬೇಕಾದರೆ ಇಬ್ಬರೂ ಹೊಡೆಯಬೇಕು! ಅಮೆರಿಕ ವಿಧಿಪ್ರಕಾರ ಯುದ್ಧ ಘೋಷಿಸಿದ್ದು ಕೊನೆಯ ಸಲ 1942ರ ಜೂನ್‌ನಲ್ಲಿ, ಬಲ್ಗೇರಿಯ, ಹಂಗೇರಿ, ರುಮೇನಿಯಗಳ ಮೇಲೆ. ಆಮೇಲೆ ಅಲ್ಲಿ ಯುದ್ಧವೇ ನಡೆದಿಲ್ಲ ಅಂತ ಕಾಗದ ಹೇಳುತ್ತೆ. 2025ರಲ್ಲಿ ರಕ್ಷಣಾ ಇಲಾಖೆಗೆ ‘ಯುದ್ಧ ಇಲಾಖೆ’ ಅಂತ ಮತ್ತೆ ಹೆಸರು ತಂದಿದ್ದಾರೆ. ಬೋರ್ಡಿನ ಮೇಲಾದರೂ ಯುದ್ಧ ಬಂತಲ್ಲ.

ಬಡಿಸೋ ವಿಷಯಕ್ಕೇ ಬರೋಣ. 2001ರ ಅಕ್ಟೋಬರ್ 7ರಂದು ಅಫ್ಘಾನಿಸ್ತಾನದ ಮೇಲೆ ಬಾಂಬ್ ಬೀಳತೊಡಗಿತು. ಅದೇ ರಾತ್ರಿ ಆಕಾಶದಿಂದ 37,500 ಊಟದ ಪೊಟ್ಟಣಗಳೂ ಬಿದ್ದವು. ಬೇಳೆ, ಅನ್ನ, ಕಡ್ಲೆಕಾಯಿ ಬೆಣ್ಣೆ, ಜಾಮ್. ಧರ್ಮಕ್ಕೆ ಅಡ್ಡಿಯಾಗಬಾರದು ಅಂತ ಮಾಂಸ ಹಾಕಿರಲಿಲ್ಲ, ಅಷ್ಟು ಮಡಿ. ಜೊತೆಗೊಂದು ಪ್ಲಾಸ್ಟಿಕ್ ಚಮಚ. ದೂರದಿಂದ ಕಾಣಲಿ ಅಂತ ಪೊಟ್ಟಣಕ್ಕೆ ಹಳದಿ ಬಣ್ಣ. ಒಂದೇ ಒಂದು ಸಣ್ಣ ತೊಡಕು. ಅದೇ ವಿಮಾನಪಡೆ ಎಸೆಯುತ್ತಿದ್ದ ಕ್ಲಸ್ಟರ್ ಬಾಂಬಿನ ಮರಿಗಳದ್ದೂ ಹಳದಿ ಬಣ್ಣವೇ. ಸಿಡಿಯದೆ ಬಿದ್ದಿದ್ದನ್ನು ಮುಟ್ಟಿದರೆ ಕೈ ಹೋಯಿತು. ಕೊನೆಗೆ ರೇಡಿಯೋದಲ್ಲಿ ಹೇಳಿಸಿದರು: ಚೌಕವಾಗಿದ್ದರೆ ಊಟ, ಡಬ್ಬಿಯ ಹಾಗೆ ಉರುಟಾಗಿದ್ದರೆ ಬಾಂಬು. ಹಸಿದ ಮಗು ಮೊದಲು ರೇಡಿಯೋ ಹಾಕಬೇಕು, ಆಮೇಲೆ ರೇಖಾಗಣಿತ. ನವೆಂಬರ್ ಹೊತ್ತಿಗೆ ಬಣ್ಣ ಬದಲಿಸುತ್ತೇವೆ ಅಂದರು. ಬಾಂಬಿನದ್ದಲ್ಲ, ಊಟದ್ದು. ನೀಲಿಗೆ.

ಇಷ್ಟೆಲ್ಲ ಹೇಳಿದ ಮೇಲೂ ರಾಯರು ಅಲುಗಲಿಲ್ಲ. ಹಾಗಾಗಿ ಕಾಂಬೋಡಿಯದ ಪಕ್ಕದ ಲಾವೋಸಿನ ಕಥೆ ತೆಗೆದೆ. 1964ರಿಂದ 73ರವರೆಗೆ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬು. ಹಗಲು ರಾತ್ರಿ ಬಿಡದೆ, ಸರಾಸರಿ ಎಂಟು ನಿಮಿಷಕ್ಕೊಂದು ವಿಮಾನದ ಲೋಡು, ಒಂಬತ್ತು ವರ್ಷ. ಟೆನಿಸ್ ಚೆಂಡಿನಷ್ಟು ಗಾತ್ರದ ಸಣ್ಣ ಬಾಂಬುಗಳೇ 27 ಕೋಟಿ, ಅದರಲ್ಲಿ ಸುಮಾರು ಎಂಟು ಕೋಟಿ ಸಿಡಿಯದೆ ಮಣ್ಣಿನಲ್ಲಿ ಉಳಿದವು. ಚೆಂಡು ಅಂತ ಮಕ್ಕಳು ಎತ್ತಿಕೊಳ್ಳುತ್ತಾರೆ. ಯುದ್ಧ ಮುಗಿದ ಮೇಲೆ 20,000ಕ್ಕೂ ಹೆಚ್ಚು ಜನ ಸತ್ತಿದ್ದಾರೆ, ಇಲ್ಲವೇ ಕೈಕಾಲು ಕಳೆದುಕೊಂಡಿದ್ದಾರೆ. 2016ರಲ್ಲಿ ಒಬಾಮಾ ಹೋಗಿ ಬಂದರು, ಬಾಂಬ್ ಹೆಕ್ಕೋಕೆ ಮೂರು ವರ್ಷಕ್ಕೆ ಒಂಬತ್ತು ಕೋಟಿ ಡಾಲರ್ ಕೊಡ್ತೇವೆ ಅಂದರು.

ಆ ದೇಶದಲ್ಲಿ ಬಾನ್ ನಾಪಿಯಾ ಅಂತ ಒಂದು ಹಳ್ಳಿ ಇದೆ. ಮನೆ ಪಕ್ಕದ ಮಣ್ಣಿನ ಒಲೆಗೆ ಸೌದೆ ಹಾಕಿ, ಬಾಂಬಿನ ಮತ್ತು ಬಿದ್ದ ವಿಮಾನಗಳ ಅಲ್ಯೂಮಿನಿಯಂ ಗುಜರಿಯನ್ನು ಕರಗಿಸುತ್ತಾರೆ. ಹುಟ್ಟಿನಲ್ಲಿ ಮೊಗೆದು ಅಚ್ಚಿಗೆ ಹೊಯ್ಯುತ್ತಾರೆ. ಒಂದು ಗಳಿಗೆ ಬಿಟ್ಟು ಅಚ್ಚು ಬಿಚ್ಚಿದರೆ ಒಳಗೆ ಚಮಚ. ಅಂಚಿನ ತುಣುಕು ಮುರಿದು, ಸ್ವಲ್ಪ ಉಜ್ಜಿ, ಗುಡ್ಡೆಗೆ ಎಸೆಯುತ್ತಾರೆ. ಸುತ್ತಲ ಸಂತೆಗಳ ನೂಡಲ್ ಅಂಗಡಿಗೆ ಅಲ್ಲಿಂದಲೇ ಹೋಗುತ್ತೆ. ಪ್ರವಾಸಿಗರೂ ಕೊಳ್ಳುತ್ತಾರೆ.

ರಾಯರ ಮುಖ ಅರಳಿತು. ಮೊಣಕಾಲು ಹಿಡಿದುಕೊಂಡು ಎದ್ದು ನಿಂತರು.

“ನೋಡಿದ್ರಾ,” ಅಂದರು, “ಚಮಚನೂ ಅವರದ್ದೇ!”